ನಾನೂರೈವತ್ತರ ಓಟ

ಕಂಪ್ಯೂಟರ್ ನಿಂತು ಮತ್ತೆ ನೀಲಿ ಪರದೆ. ಮಧ್ಯಾಹ್ನದಿಂದ ಇದು ಆರನೇ ಸಲ, ಅದೂ ಸರಿಯಾಗಿ ಹನ್ನೊಂದನೇ ನಿಮಿಷಕ್ಕೆ. ಬಕ್ಕೇಶ ಮೌಸನ್ನ ಟೇಬಲ್ ಮೇಲೆ ಕುಕ್ಕಿದ. ತಗಡು ಬಿಚ್ಚಿಟ್ಟ ಕ್ಯಾಬಿನೆಟ್ಟಿನ ಮುಂದೆ ಟೇಬಲ್ ಫ್ಯಾನು ಭರ್ರಂತ ತಿರುಗ್ತಿತ್ತು. ಏಪ್ರಿಲ್ ಬಿಸಿಲು, ಆನೆಕೊಂಡದ ಶೀಟಿನ ಮನೆ, ಫ್ಯಾನು ಬೀಸ್ತಿದ್ದದ್ದೂ ಬಿಸಿಗಾಳಿನೇ.

ಮುನ್ನೂರು ಮೆಗಾಹರ್ಟ್ಸ್ ವೇಗದ ಸೆಲೆರಾನ್ ಚಿಪ್ಪನ್ನ ಕಾಯದಂಗೆ ನಾನೂರೈವತ್ತಕ್ಕೆ ಓಡಿಸ್ತೀನಿ ಅಂತ ನಿನ್ನೆ ಮಂಡಿಪೇಟೆ ಕಂಪ್ಯೂಟರ್ ಅಂಗಡಿ ಜಾಫರ್ ಮುಂದೆ ಜಂಬ ಕೊಚ್ಚಿ ಬಂದಿದ್ದ. ಜಾಫರ್ ನಕ್ಕು, "ಒಂದು ತಾಸು ಹ್ಯಾಂಗ್ ಆಗ್ದಂಗೆ ಓಡ್ಸು, ನಾಳೆ ಐದಕ್ಕೆ ಬಂದು ನೋಡ್ತೀನಿ. ಹರಿಹರದಾಗೆ ಒಂದು ಸ್ಕೂಲಿಗೆ ಹತ್ತು ಮಷೀನ್ ಜೋಡಿಸೋದೈತೆ, ನಿನ್ನೇ ಕೆಲ್ಸಕ್ಕೆ ಇಟ್ಕೊಂತೀನಿ" ಅಂದಿದ್ದ. ಇಲ್ಲಾಂದ್ರೆ ಅಪ್ಪನ ಮೆಣಸಿನಕಾಯಿ ಮಂಡಿಯಲ್ಲಿ ಕೂತು ಸೀನೋದೇ ಗತಿ.

ಟಾರ್ಚು ಹಿಡಿದು ಕ್ಯಾಬಿನೆಟ್ಟಿನೊಳಗೆ ಬಗ್ಗಿದ. ಚಿಪ್ಪಿನ ಮೇಲಿನ ಪುಟ್ಟ ಫ್ಯಾನಿನ ಚೌಕಟ್ಟಿಗೆ ಮೂರು ಗೆರೆ ವಿಭೂತಿ. ವೈರುಗಳ ಸಂದಿಯಲ್ಲಿ ಎರಡು ಕನಕಾಂಬರ.

"ಅವ್ವಾ! ಏನಿದು?"

ಗುರುಶಾಂತಮ್ಮ ಸೆರಗಿಗೆ ಕೈ ಒರೆಸ್ಕೊಂಡು ಬಂದಳು. "ಅಮಾಸಿ ಅಲ್ಲೇನೋ. ಹೊಲಿಗೆ ಮಷೀನಿಗೆ, ಫ್ರಿಜ್ಜಿಗೆ, ನಿಮ್ಮಪ್ಪನ ಗಾಡಿಗೆ ಎಲ್ಲಾದಕ್ಕೂ ಹಚ್ಚಿದೆ. ಇದಕ್ಕೊಂದು ಬ್ಯಾಡ ಅಂದ್ರೆ ಹೆಂಗೆ? ಯಾವಾಗ್ಲೂ ಮ್ಯಾಲೆ ಹಚ್ತಿದ್ದೆ, ಇವತ್ತು ಬಾಗ್ಲು ತೆಗ್ದಿತ್ತು."

"ತೆಗ್ದಿದ್ರೆ ಒಳಗೆ ಕೈ ಹಾಕ್ತಾರಾ? ಬೂದಿ ಬಳಿಯೋದು ಬಿಟ್ರೆ ನಿಂಗೇನ್ ತಿಳೀತೈತೆ? ನಿನ್ನಿಂದ ಹೋಯ್ತು ನನ್ನ ಕೆಲ್ಸ!"

ಗುರುಶಾಂತಮ್ಮ ಬಾಗಿಲ ಕಡೆ ನೋಡಿದಳು. ಹೇಳಿದಂಗೆ ಐದಕ್ಕೆ ಬಂದ ಜಾಫರ್ ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಬಿಡ್ಲೋ ಬ್ಯಾಡ್ವೋ ಅಂತ ನಿಂತಿದ್ದ.

"ಬರ್ರಿ, ಕೂಡ್ರಿ" ಅಂದಳು ಆಕೆ, ಏನೂ ಆಗಿಲ್ಲ ಅನ್ನೋ ಹಂಗೆ.

"ನೋಡ್ರಿ ಭಾಯ್, ನಮ್ಮವ್ವ ವಿಭೂತಿ ಹಚ್ಚಿ ಕೆಡ್ಸಿಟ್ಟಾಳೆ."

ಜಾಫರ್ ಸ್ವಿಚ್ ಆರಿಸಿ, ಪುಟ್ಟ ಫ್ಯಾನನ್ನ ಬೆರಳಲ್ಲಿ ತಿರುಗಿಸಿದ. ಸಲೀಸಾಗಿ ತಿರುಗ್ತು. "ಫ್ಯಾನು ಚಲೋ ಐತಲ್ಲಪ್ಪ." ಕ್ಲಿಪ್ಪು ಬಿಚ್ಚಿ, ಚಿಪ್ಪಿಗೆ ಅಂಟಿದ್ದ ಅಲ್ಯೂಮಿನಿಯಂ ತುಂಡನ್ನ ಫ್ಯಾನಿನ ಸಮೇತ ಎತ್ತಿದ. ಶಾಖ ಎಳೀಲಿ ಅಂತ ಮಧ್ಯೆ ಹಚ್ಚೋ ಬಿಳಿ ಪೇಸ್ಟು ನಾಲ್ಕೂ ಕಡೆಯಿಂದ ಉಕ್ಕಿ ಸುರೀತಿತ್ತು.

"ಇದೇನೋ, ದ್ವಾಸಿಗೆ ಬೆಣ್ಣಿ ಹಚ್ಚಿದಂಗೆ ಹಚ್ಚೀಯಲ್ಲ! ಎಷ್ಟು ಹಾಕ್ದೆ?"

"ಪೂರ್ತಿ ಟ್ಯೂಬು. ಜಾಸ್ತಿ ಹಾಕಿದ್ರೆ ಜಾಸ್ತಿ ತಂಪು ಅಂತ..."

"ಅಕ್ಕಿ ಕಾಳಷ್ಟು ಸಾಕಪ್ಪ. ಇಷ್ಟು ಹಚ್ಚಿದ್ರೆ ಬ್ಯಾಸಿಗ್ಯಾಗೆ ಕಂಬಳಿ ಹೊದ್ಸಿದಂಗೆ."

"ಹಂಗಾದ್ರೆ ನಂದಲ್ಲೇನ್ರಿ?" ಅಂದಳು ಗುರುಶಾಂತಮ್ಮ.

"ನಿಮ್ದಲ್ರಿ ಅಮ್ಮಾರೆ."

ಆಕೆ ಮಗನ ಕಡೆ ನೋಡದೆ ಒಳಗೆ ಹೋದಳು.

ಹತ್ತಿಯಿಂದ ಒರೆಸಿ, ಒಂದೇ ಒಂದು ಹನಿ ಪೇಸ್ಟು ಇಟ್ಟು ಜೋಡಿಸಿದ್ರು. ಪರದೆ ಮೇಲೆ ನಾನೂರೈವತ್ತು ಅಂತ ಬಂತು. ಹನ್ನೊಂದು ನಿಮಿಷ ದಾಟ್ತು, ಇಪ್ಪತ್ತು ದಾಟ್ತು, ಅರ್ಧ ತಾಸು ದಾಟ್ತು. ಜಾಫರ್ ಕೈಗಡಿಯಾರ ನೋಡ್ತಾ ಕೂತೇ ಇದ್ದ. ತಾಸು ತುಂಬಿದ ತಕ್ಷಣ ಬಕ್ಕೇಶ ಕುರ್ಚಿಯಿಂದ ಹಾರಿ ಎದ್ದ.

"ಭಾಯ್! ಹರಿಹರಕ್ಕೆ ನಾಳೆ ಎಷ್ಟೊತ್ತಿಗೆ?"

ಜಾಫರ್ ಚಪ್ಪಲಿ ಮೆಟ್ಟಿದ. "ಈ ಸಲ ಬ್ಯಾಡ ಬಿಡು."

"ಯಾಕ? ಓಡ್ತಲ್ಲ!"

"ಮಷೀನು ಓಡ್ತು. ಆದ್ರೆ ಅಲ್ಲಿ ಸಣ್ಣ ಹುಡುಗ್ರು, ಟೀಚರಮ್ಮಾರು ಇರ್ತಾರ. ಕೆಟ್ಟಾಗ ಬಿಚ್ಚಿ ನೋಡಿ, ಆಮ್ಯಾಲೆ ಯಾರ ತಪ್ಪು ಅಂತ ಹೇಳೋನು ಬೇಕು ನಂಗೆ. ನೀನು ಬಿಚ್ಚೋಕ್ ಮುಂಚೆನೇ ಹೇಳ್ಬಿಟ್ಟೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸ್ಕೂಟರ್ ಎರಡು ಕಿಕ್ಕಿಗೆ ಎದ್ದು, ಓಣಿ ತಿರುವಿನಲ್ಲಿ ಸದ್ದಡಗಿತು.

ಬಕ್ಕೇಶ ಅಡುಗೆಮನೆ ಬಾಗಿಲಿಗೆ ಬಂದ. ಗುರುಶಾಂತಮ್ಮ ಹೋಳಿಗೆ ತಟ್ತಿದ್ದಳು, ತಿರುಗಲಿಲ್ಲ. ಕೈ ತೊಳೆದು ಬಂದು, ನೆಲದ ಮೇಲೆ ಕೂತು, ಹೂರಣದ ಪಾತ್ರೆ ಹತ್ತಿರಕ್ಕೆ ಎಳ್ಕೊಂಡ.

ಅವನು ಕಟ್ಟಿದ ಮೊದಲ ಉಂಡೆ ತೀರಾ ದೊಡ್ಡದಾಯ್ತು. ಗುರುಶಾಂತಮ್ಮ ಅದನ್ನ ತಗೊಂಡು, ಎರಡು ಮಾಡಿ, ಅವನ ಮುಂದಿಟ್ಟಳು.