ವಿಧವೆಯರ ಪಟ್ಟಿ

ಮೂರು ಗುಡ್ಡಗಳ ಮಡಿಲಲ್ಲಿ, ಶರತ್ಕಾಲದ ಸುವರ್ಣಸಂಧ್ಯೆಯನ್ನೆಲ್ಲ ತನ್ನದೊಂದೇ ಮೀನುಕೆರೆಯಲ್ಲಿ ತುಂಬಿಕೊಂಡು, ಮಂಜಿನ ತೆಳುಸೆರಗು ಹೊದ್ದು ಮಲಗಿದ್ದ ಹಳ್ಳಿ ಒಲ್ಶಿನ್ಕಾ... ನಲವತ್ತೊಂದು ಮನೆ, ಒಂದು ಗಂಟೆಗೋಪುರ, ಒಂದು ಹಿಟ್ಟಿನ ಗಿರಣಿ, ಅಷ್ಟೇ! ಆದರೆ ಸಹೃದಯನೇ, ಆ ನೆಲದ ತುಂಡುತುಂಡಿಗೂ ಒಂದೊಂದು ಹೆಸರಿತ್ತು. ಒಂದೊಂದು ಹೆಸರಿನಡಿಯಲ್ಲೂ ಶತಮಾನಗಳ ನಿಟ್ಟುಸಿರು ಹುದುಗಿತ್ತು.

ಅವೆಲ್ಲವನ್ನೂ ಅಜ್ಜಿಯ ಬಾಯಿಂದ ಕಲಿತವಳು ಗಿರಣಿಯ ಮತೌಷನ ಹೆಂಡತಿ ಹೆದ್ವಿಕಾ. ಮಹಾಯುದ್ಧದಲ್ಲಿ ಸಾಮ್ರಾಟನ ಆಳ್ವಿಕೆ ಅಳಿದು ಗಣರಾಜ್ಯ ಹುಟ್ಟಿ ಐದು ವರ್ಷ ಕಳೆದಾಗ, ಊರಿನ ಚರಿತ್ರೆ ಬರೆಯುವ ಹೊಣೆ ಹೊತ್ತ ಶಾಲಾಮಾಸ್ತರ ವಿಲೆಮ್ ಅವಳ ನೆರವನ್ನೇ ಬೇಡಿದ. ಭಾನುವಾರದ ಅಪರಾಹ್ಣಗಳಲ್ಲಿ ಅವರಿಬ್ಬರೂ ರೈ ಧಾನ್ಯದ ಹೊಲಗಳ ಬದುವಿನಲ್ಲಿ ನಡೆಯುವುದನ್ನು ಮತೌಷ್ ಗಿರಣಿಯ ಕಿಟಕಿಯಿಂದ ನೋಡುತ್ತಿದ್ದ. ಅವಳು ಕೈಚಾಚಿ ತೋರಿಸುವಳು, ಅವನು ಬರೆದುಕೊಳ್ಳುವನು, ಅವಳು ನಗುವಳು... ಆಹಾ, ಆ ನಗೆ! ಹನ್ನೊಂದು ವರ್ಷಗಳ ದಾಂಪತ್ಯದಲ್ಲಿ ತಾನು ಕಾಣದ ಆ ನಗೆ, ಪಕ್ಕದವರ ಹೊಲಕ್ಕಷ್ಟೇ ಬಿದ್ದ ಮಳೆಯಂತೆ ಅವನ ಎದೆಯನ್ನು ಇನ್ನಷ್ಟು ಒಣಗಿಸಿತು.

“ಏನಪ್ಪಾ ಮತೌಷ್, ಊರಿನ ಗಡಿ ಗುರುತು ಮಾಡೋದು ಇನ್ನೂ ಮುಗೀಲಿಲ್ವಾ? ಮೇಷ್ಟ್ರಿಗೆ ನಿಮ್ಮನೆ ಗಡಿ ಎಲ್ಲಿದೆ ಅಂತ ಯಾರಾದ್ರೂ ಹೇಳ್ಬಾರ್ದಾ!” ಎಂದು ಬಿಯರಿನಂಗಡಿಯಲ್ಲಿ ಕಮ್ಮಾರ ಹಾವೆಲ್ ಕೆಣಕಿದ.

ಒಂದು ಸಂಜೆ, ಹೆದ್ವಿಕಾ ತಿದ್ದಲೆಂದು ತಂದಿದ್ದ ಆ ಚರಿತ್ರೆಯ ಹಸ್ತಪ್ರತಿ ಮನೆಯ ಮೇಜಿನ ಮೇಲಿತ್ತು. ಮತೌಷ್ ತೆರೆದ. ಮಾಸ್ತರನ ಅಕ್ಷರಗಳ ಮಗ್ಗುಲಲ್ಲೇ ಹೆದ್ವಿಕಾಳ ಅಕ್ಷರಗಳು... ಒಂದೇ ಪುಟದಲ್ಲಿ, ಒಂದಕ್ಕೊಂದು ಒರಗಿ! ಮರುಕ್ಷಣ ಅದು ಗಿರಣಿಯ ಕಾಲುವೆಯಲ್ಲಿ ಸುಳಿಸುಳಿಯಾಗಿ ಮುಳುಗಿತು.

“ಎರಡು ವರ್ಷದ ಕೆಲಸ ಕಣೋ ಅದು!” ಹೆದ್ವಿಕಾ ಚೀರಿದಳು.

“ಅವನಿಗೆ ಹೇಳಿದ್ದನ್ನ ನಂಗೆ ಯಾವತ್ತಾದ್ರೂ ಹೇಳಿದ್ಯಾ?”

“ನೀನು ಯಾವತ್ತಾದ್ರೂ ಕೇಳಿದ್ಯಾ?”

ಬೆಳಗಾದೊಡನೆ ಮತೌಷ್ ಶಾಲೆಗೆ ಹೋಗಿ ತಪ್ಪೊಪ್ಪಿಕೊಂಡ. ವಿಲೆಮನ ಮುಖ ಬಿಳುಪೇರಿತು. ಖಾಲಿ ಪುಸ್ತಕವೊಂದನ್ನು ಮತೌಷನ ಮುಂದೆ ಸರಿಸಿ ಅವನೆಂದ: “ನಾನಿನ್ನು ಹೆದ್ವಿಕಾ ಅವರ ಜೊತೆ ನಡೆಯೋದು ಸರಿಯಲ್ಲ. ಬರೆದದ್ದನ್ನ ಕಳೆದವರು ನೀವು. ನೀವೇ ಕೇಳಿ ಬರ್ಕೊಂಡು ಬನ್ನಿ.”

ಹೆದ್ವಿಕಾ ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಶಾಲು ಹೊದ್ದು ಹೊರಟಳು. ಪೆನ್ಸಿಲು ಹಿಡಿದು ಅವನು ಹಿಂಬಾಲಿಸಿದ. ಇಳಿಜಾರಿನಲ್ಲಿ ಪಟ್ಟಿಯಂತೆ ಉದ್ದಕ್ಕೆ ಚಾಚಿದ ಕಿರಿದಾದ ಹೊಲವೊಂದರಲ್ಲಿ ಅವಳು ನಿಂತಳು.

“ಇದು ವಿಧವೆಯರ ಪಟ್ಟಿ. ಮುನ್ನೂರು ವರ್ಷದ ಹಿಂದಿನ ಯುದ್ಧದಲ್ಲಿ ಸ್ವೀಡರ ದಂಡು ಬಂತಲ್ಲ, ಆ ವರ್ಷ ಗಂಡಸ್ರೂ ಉಳೀಲಿಲ್ಲ, ಕುದುರೇನೂ ಉಳೀಲಿಲ್ಲ. ಏಳು ಜನ ಹೆಂಗಸ್ರು ನೇಗಿಲಿಗೆ ತಾವೇ ಹೆಗಲು ಕೊಟ್ರಂತೆ.”

ಬರೆಯುತ್ತಿದ್ದ ಕೈ ನಿಂತಿತು. “ಇದನ್ನ ಹೇಳ್ದಾಗ... ಮೇಷ್ಟ್ರು ಅತ್ರಾ?”

“ಅತ್ರು.”

ಆ ಕಣ್ಣೀರಿಗೂ ಅವನು ಕರುಬಿದ! ಆದರೆ ಕರುಬುತ್ತಿದ್ದಂತೆಯೇ ತನ್ನ ಕಣ್ಣೂ ತುಂಬಿದ್ದನ್ನು ಅವನರಿಯಲಿಲ್ಲ, ಹೆದ್ವಿಕಾ ಅರಿತಳು. ನಗಲಿಲ್ಲ, ಕ್ಷಮಿಸಿದೆನೆನ್ನಲೂ ಇಲ್ಲ. “ಬರ್ಕೋ, ಮುಂದಿನದು ದೂರ ಇದೆ,” ಎಂದು ನಡಿಗೆಯನ್ನು ಮಾತ್ರ ತುಸು ನಿಧಾನಿಸಿದಳು.

ಪ್ರೀತಿಸಿದವರ ಅಂತರಂಗದಲ್ಲಿ ನಾವು ಕಾಲಿಡದ ಸೀಮೆಗಳೆಷ್ಟೋ! ಅಲ್ಲಿ ಪರರ ಹೆಜ್ಜೆ ಕಂಡಾಗಲೇ ಅವು ಇದ್ದವೆಂದು ತಿಳಿಯುವ ನಮ್ಮ ಮತ್ಸರ, ತಡವಾಗಿ ಎಚ್ಚೆತ್ತ ಪ್ರೇಮವಲ್ಲದೆ ಮತ್ತೇನು...