ಅತ್ತೆ ಕೂತರೆ ಬ್ರೇಕು

ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅಳಿಯನ ಹತ್ತಿರ ಇಪ್ಪತ್ತಾರು ವರ್ಷದ ಹಳೆಯ ಕಾರೊಂದಿತ್ತು. ಅವನೊಬ್ಬನೇ ಅಂಗಡಿಗೆ ಹೋಗಿಬರುವಾಗ ಅದು ಹಸುವಿನಂಥ ಸಾಧು. ಗುರುವಾರ ಅತ್ತೆಯನ್ನು ಗ್ರಂಥಾಲಯಕ್ಕೆ ಕರೆದೊಯ್ಯುವಾಗ ಮಾತ್ರ ಅದಕ್ಕೆ ಏನೋ ಆಗಿಬಿಡುತ್ತಿತ್ತು. ಬ್ರೇಕ್ ಮುಟ್ಟದಿದ್ದರೂ ಯಾರೋ ಬಾಲ ಹಿಡಿದು ಜಗ್ಗಿದಂತೆ ತಿಣುಕುತ್ತಿತ್ತು. ಎಡಕ್ಕೆ ಎಳೆಯುತ್ತಿತ್ತು. ಹತ್ತು ನಿಮಿಷದಲ್ಲಿ ಹಿಂದಿನ ಎಡ ಚಕ್ರದಿಂದ ಸುಟ್ಟ ವಾಸನೆ.

ಅತ್ತೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಹಿಂದಿನ ಸೀಟಿನಲ್ಲಿ, ಎಡಗಡೆ, ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂರುತ್ತಿದ್ದರು.

"ಅಳಿಯಂದ್ರೇ, ಕಾಲು ಬ್ರೇಕ್ ಮೇಲೇ ಇದೆಯೇನೋ ನೋಡ್ಕೊಳ್ಳಿ."

"ಇಲ್ಲ ಅತ್ತೆ."

"ಹಾಗಾದ್ರೆ ಗಾಡಿಗೆ ಪುಸ್ತಕ ಅಂದ್ರೆ ಆಗಲ್ಲ ಅನ್ಸುತ್ತೆ."

ಅಳಿಯ ಗಾಡಿಯನ್ನು ರಿಪೇರಿ ಮೇಸ್ತ್ರಿಯ ಷೆಡ್ಡಿಗೆ ಒಯ್ದ. ಮೇಸ್ತ್ರಿ ಎರಡು ಸುತ್ತು ಓಡಿಸಿ ಬಂದು ಚಕ್ರ ಮುಟ್ಟಿ ನೋಡಿದ. ತಣ್ಣಗಿತ್ತು. ಡ್ರಮ್ ಬಿಚ್ಚಿದ. ಬ್ರೇಕ್ ಶೂ ಸವೆದಿರಲಿಲ್ಲ, ಆಯಿಲ್ ಸೋರಿರಲಿಲ್ಲ, ಚಕ್ರ ಬುಗುರಿಯ ಹಾಗೆ ತಿರುಗುತ್ತಿತ್ತು.

"ಸಾರ್, ಗಾಡಿಗೇನೂ ಆಗಿಲ್ಲ. ನೀವು ಸರಿಯಾಗಿ ನಿದ್ದೆ ಮಾಡ್ತಿದ್ದೀರಾ?"

ಮುಂದಿನ ಗುರುವಾರ ಮತ್ತೆ ಅದೇ ಕಥೆ. ಮೇಸ್ತ್ರಿ ಹೊಸ ಶೂ ಹಾಕಿದ. ಅದರ ಮುಂದಿನ ಗುರುವಾರವೂ ಅದೇ. ಮೂರನೇ ಸಲ ಹೋದಾಗ ಮೇಸ್ತ್ರಿಗೂ ಹಟ ಬಂತು.

"ಯಾವಾಗ ಹಿಡಿಯುತ್ತೆ ಹೇಳಿ. ಇಳಿಜಾರಲ್ಲಾ? ಬಿಸಿಯಾದ್ಮೇಲಾ?"

ಅಳಿಯನಿಗೆ ಉತ್ತರ ಗೊತ್ತಿತ್ತು. ಆದರೆ ಅದು ಬಾಯಲ್ಲಿಟ್ಟ ಬಿಸಿತುಪ್ಪ. ಅತ್ತಿತ್ತ ನೋಡಿ ಮೇಸ್ತ್ರಿಯ ಕಿವಿಯಲ್ಲಿ ಪಿಸುಗುಟ್ಟಿದ. "ಅತ್ತೆ ಕೂತಾಗ."

"ಏನು ಕೂತಾಗ?" ಪಕ್ಕದಲ್ಲಿ ತಗಡು ಬಡಿಯುವ ಸದ್ದು ಜೋರಾಗಿತ್ತು.

"ಅತ್ತೆ! ನಮ್ಮತ್ತೆ ಕೂತಾಗ!"

ಸರಿಯಾಗಿ ಆ ಕ್ಷಣಕ್ಕೆ ತಗಡು ಬಡಿಯುವವನು ಸುತ್ತಿಗೆ ಕೆಳಗಿಟ್ಟಿದ್ದ. ಷೆಡ್ಡಿಗೆ ಷೆಡ್ಡೇ ತಿರುಗಿ ನೋಡಿತು. ಮೇಸ್ತ್ರಿ ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

"ಹಾಗಾದ್ರೆ ಭಾರ ಬಿದ್ರೆ ಹಿಡಿಯುತ್ತೆ. ಅಷ್ಟೇ ತೂಕದ ಮರಳಿನ ಚೀಲ ಇಟ್ಟು ನೋಡ್ಬಹುದು. ಅವರೆಷ್ಟು ತೂಕ?"

ಸಂಜೆ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಾಗ ಅಳಿಯ ಏನೂ ಗೊತ್ತಿಲ್ಲದವನಂತೆ ಕೇಳಿದ. "ನಿಮ್ಮಮ್ಮ ಎಷ್ಟು ತೂಕ ಇರಬಹುದು?"

"ಯಾಕ್ರೀ? ಎತ್ತೋದಿದೆಯಾ?"

ವಿಷಯ ಹೇಳಲೇಬೇಕಾಯಿತು. ಹೆಂಡತಿ ಕೈಲಿದ್ದ ದಿಂಬಿನ ಚೀಲವನ್ನು ಝಾಡಿಸಿದಳು. "ನಿಮ್ಮ ಗಾಡಿ ನಿಂತ್ರೆ ನಮ್ಮಮ್ಮನ ತಪ್ಪಾ? ನಾಳೆ ಅಂಗಡಿಗೆ ಗಿರಾಕಿ ಬರದಿದ್ರೂ ಅವಳದೇ ಅನ್ನಿ!"

"ಎಂಬತ್ತೆರಡು ಕೆಜಿ," ಎಂದು ಪಕ್ಕದ ಕೋಣೆಯಿಂದ ದನಿ ಬಂತು. "ಹೋದ ತಿಂಗಳು ನೋಡಿದ್ದು. ಮರಳು ಗಿರಳು ಯಾಕೆ? ಬೆಳಿಗ್ಗೆ ನಾನೇ ಬರ್ತೀನಿ."

ನೆಲ ಬಾಯಿಬಿಟ್ಟರೆ ಒಳಗಿಳಿದುಬಿಡೋಣ ಅನ್ನಿಸಿತು ಅಳಿಯನಿಗೆ.

ಬೆಳಿಗ್ಗೆ ಷೆಡ್ಡಿನಲ್ಲಿ ಕಾರನ್ನು ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿದರು. ಮೇಸ್ತ್ರಿ, ಅಳಿಯ ಇಬ್ಬರೂ ನೂಕಿದರು. ಸಲೀಸಾಗಿ ಉರುಳಿತು. ಅತ್ತೆ ಹತ್ತಿ ಕೂತರು. ಇಬ್ಬರೂ ಉಸಿರು ಬಿಗಿಹಿಡಿದು ನೂಕಿದರು, ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅತ್ತೆ ಇಳಿದರು, ಗಾಡಿ ಉರುಳಿತು. ಟೈರಿನವನು, ತಗಡಿನವನು ಕೆಲಸ ಬಿಟ್ಟು ಬಂದು ನಿಂತರು.

"ಇನ್ನೊಂದ್ಸಲ," ಎಂದು ಅತ್ತೆಯೇ ಮತ್ತೆ ಹತ್ತಿದರು. ನಾಲ್ಕನೇ ಸಲ ಇಳಿದು, ಚೀಲ ಹೆಗಲಿಗೇರಿಸಿ, ಅಳಿಯನ ಕಡೆ ತಿರುಗಿದರು.

"ಯಾವಾಗಿಂದ ಇದು?"

"ಎರಡು ತಿಂಗಳಾಯ್ತು ಅತ್ತೆ."

"ಅದಕ್ಕೆ ಮುಂಚೆ ಏನು ಮಾಡಿಸಿದ್ರಿ?"

"ಏನಿಲ್ಲ."

"ಪೇಷೆಂಟುಗಳೆಲ್ಲ ಮೊದಲು ಏನಿಲ್ಲ ಅಂತಾನೇ ಅನ್ನೋದು. ಸರಿಯಾಗಿ ಯೋಚ್ನೆ ಮಾಡಿ."

ಅಳಿಯ ತಲೆ ಕೆರೆದುಕೊಂಡ. "ಸೈಲೆನ್ಸರ್ ದಾರೀಲಿ ಕಳಚಿಬಿದ್ದಿತ್ತು. ಅಲ್ಲೇ ಯಾರೋ ಹೊಸದು ಹಾಕ್ಕೊಟ್ರು."

"ಇದನ್ನ ಮೊದಲೇ ಹೇಳ್ಬಾರ್ದಾ ಸಾರ್!" ಮೇಸ್ತ್ರಿ ಟಾರ್ಚ್ ಹಿಡಿದು ಗುಂಡಿಗೆ ಇಳಿದ. "ಅಮ್ಮಾ, ಕೂತ್ಕೊಳ್ಳಿ... ಸಿಕ್ತು!"

ಸೈಲೆನ್ಸರ್ ಹಾಕಿದವನು ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ಕ್ಲಿಪ್ಪಿನಿಂದ ಬಿಡಿಸಿ, ಮತ್ತೆ ಸಿಕ್ಕಿಸುವುದನ್ನು ಮರೆತು, ಯಾವುದೋ ಕೊಳವೆಯ ಮೇಲೆ ಹಾಯಿಸಿ ಹೋಗಿದ್ದ. ಹಿಂದಿನ ಸೀಟಿನ ಎಡಕ್ಕೆ ಭಾರ ಬಿದ್ದು ಗಾಡಿ ತಗ್ಗಿದೊಡನೆ ಕೇಬಲ್ ಬಿಗಿದು ಆ ಚಕ್ರವನ್ನು ಹಿಡಿದುಬಿಡುತ್ತಿತ್ತು. ಹೊಸ ಕ್ಲಿಪ್ ಹಾಕಲು ಹತ್ತೇ ನಿಮಿಷ ಸಾಕಾಯಿತು. ಅತ್ತೆ ಕೂತರು, ಮೇಸ್ತ್ರಿ ಒಂದೇ ಕೈಯಲ್ಲಿ ನೂಕಿದ, ಗಾಡಿ ಉರುಳಿತು. ಟೈರಿನವನು ಚಪ್ಪಾಳೆ ತಟ್ಟಿದ.

ಮನೆಯ ದಾರಿಯಲ್ಲಿ ಅಳಿಯ ಗಂಟಲು ಸರಿಮಾಡಿಕೊಂಡ. "ಅತ್ತೆ, ನಿಮ್ಮ ತೂಕ ಕೇಳಿದ್ದು ತಪ್ಪಾಯ್ತು."

"ಕೇಳಿದ್ದು ತಪ್ಪಲ್ಲ. ನನ್ನೊಬ್ಬಳನ್ನ ಬಿಟ್ಟು ಊರನ್ನೆಲ್ಲ ಕೇಳಿದ್ರಲ್ಲ, ಅದು ತಪ್ಪು."

ಅಳಿಯನಿಗೆ ನಗು ತಡೆಯಲಾಗಲಿಲ್ಲ, ಅತ್ತೆಯೂ ನಕ್ಕರು. ಗಾಡಿ ಎಷ್ಟು ಹಗುರಾಗಿತ್ತೆಂದರೆ ಇಳಿಜಾರಿನಲ್ಲಿ ಬಾಣದಂತೆ ಹೊರಟಿತು. ತಿರುವಿನಲ್ಲಿ ಎದುರಿಗೆ ಸೈಕಲ್ಲೊಂದು ಕಂಡು ಅವನು ಗಕ್ಕನೆ ಬ್ರೇಕ್ ಒತ್ತಿದ.

ಮುಂದಿನ ಸೀಟು ಹಿಡಿದು ಸಾವರಿಸಿಕೊಂಡ ಅತ್ತೆ ಹೇಳಿದರು, "ಇದು ಮಾತ್ರ ನಾನಲ್ಲ, ಅಳಿಯಂದ್ರೇ."