ಅಮಾಸಿಯ ಎಣ್ಣೆ

ಕೈ ನಿಂತ ಮೇಲೂ ಎಂಜಿನ್ನು ಒಂದು ಬೆರಳಷ್ಟು ಇಳಿಯಿತೇ, ಇಲ್ಲ, ಕಣ್ಣಿಗೆ ಹಾಗೆ ಕಂಡಿರಬೇಕು, ಗೋಡೆಯ ಮೇಲಿನ ಬಿಸಿಲು ಅಲುಗಿರಬೇಕು — ರಾಚಪ್ಪ ಸರಪಳಿಯನ್ನು ಬಿಗಿಹಿಡಿದು ಬಾವಿಯೊಳಗೆ ಬಗ್ಗಿ ನೋಡಿದ, ಮೇಲೆ ಕಪ್ಪಿ, ಕಪ್ಪಿಯ ಕೊಕ್ಕೆಗೆ ಯಮಕನಮರಡಿ ಸಾವಕಾರರ ಹೊಸ ನೀರೆತ್ತುವ ಎಂಜಿನ್ನು, ಅದರ ನೇರ ಕೆಳಗೆ, ಎಂಜಿನ್ನು ಕೂರಬೇಕಾದ ಕಲ್ಲುಕಟ್ಟೆಯ ಮೇಲೆ, ಲಗಮಪ್ಪನ ಕೆಂಪು ರುಮಾಲು. ಹುಕ್ಕೇರಿಯ ಕಾರ್ಖಾನೆಯಲ್ಲಿ ಇಬ್ಬರೂ ಜೊತೆಗೇ ಕೆಲಸ ಕಲಿತವರು, ಕೆಳಗಿಳಿಯುವವನು ಯಾವತ್ತೂ ಅವನು, ಸರಪಳಿ ಹಿಡಿಯುವವನು ಇವನು, ನೀ ಹಿಡದಿ ಅಂದ್ರ ನಾ ಕೆಳಗ ನಿದ್ದಿ ಮಾಡತೇನಿ ಅನ್ನುತ್ತಾನೆ ಲಗಮಪ್ಪ. ಇನ್ನೊಂದು ಸಲ ಎಳೆದ, ಸರಪಳಿ ಹಗುರ, ತೀರಾ ಹಗುರ, ಮೂಗಿಗೆ ಔಡಲೆಣ್ಣೆಯ ವಾಸನೆ — ತಾನೇ ಆರಿಸಿದ ಎಣ್ಣೆ, ಕುಸುಬಿ ಎಣ್ಣೆ ಒಣಗಿ ಅಂಟಾಗುತ್ತದೆ, ಧೂಳು ಕಚ್ಚಿ ಕೊಂಡಿಗಳನ್ನು ಬಿಗಿಯುತ್ತದೆ, ಶೇಂಗಾ ಎಣ್ಣೆ ಬಿಸಿಲಿಗೆ ತೊಟ್ಟಿಕ್ಕಿ ಹೋಗುತ್ತದೆ, ಔಡಲೆಣ್ಣೆ ದಪ್ಪ, ಹಚ್ಚಿದಲ್ಲೇ ನಿಲ್ಲುತ್ತದೆ, ರಾತ್ರಿಸಾಲೆಯ ಮಾಸ್ತರರಿಂದ ಕಲಿತದ್ದನ್ನೆಲ್ಲ ಹೆಂಡತಿ ಕಾಶೆವ್ವನಿಗೆ ಒಪ್ಪಿಸುವುದು ಅವನ ಚಟ. ನಿನ್ನೆ ಅಮಾವಾಸ್ಯೆ, ಪೂಜೆಗೆಂದು ಮನೆಗೆ ತಂದ ಕಪ್ಪಿಯನ್ನು ಕಾಶೆವ್ವ ಒರೆಸಿ, ವಿಭೂತಿ ಹಚ್ಚಿ, ಎಣ್ಣೆ ಎಲ್ಲಾ ಕಡಿ ಹಚ್ಚೇನ್ರಿ, ಒಳಗೂ ಬಿಟ್ಟೇನಿ, ಲಗಮಪ್ಪಣ್ಣನ ಜೀವ ಇದರ ಮ್ಯಾಲ ಐತೆಲ್ಲಾ ಅಂದಳು, ಊಟಕ್ಕೆ ಕೂತವನು ಹೂಂ ಅಂದ. ಒಳಗೂ. ಒಳಗಿರುವುದು ಭಾರ ಹಿಡಿದು ನಿಲ್ಲಿಸುವ ಬ್ರೇಕು. ತಿಕ್ಕುವಲ್ಲಿ ಎಣ್ಣೆ ಬೇಕು, ಹಿಡಿಯುವಲ್ಲಿ ಒಂದು ಹನಿಯೂ ಕೂಡದು — ಮಾಸ್ತರರ ಈ ಎರಡನೆಯ ಮಾತನ್ನು ಅವಳಿಗೆ ಹೇಳಿದ್ದೆನೇ, ಇಲ್ಲ, ಮೊದಲನೆಯದನ್ನು ಮಾತ್ರ, ಅವಳ ತಪ್ಪಲ್ಲ, ಬೆಳಿಗ್ಗೆಯಾದರೂ ಬಿಚ್ಚಿ ನೋಡಬಹುದಿತ್ತು, ಪೂಜೆಯ ವಿಭೂತಿ ಅಳಿಸಲು ಕೈ ಬರಲಿಲ್ಲ. ಈಗ ಕೂಗಲೇ, ಸಾವಕಾರರು ನಿಂತಿದ್ದಾರೆ, ಆಳುಗಳೂ ಇದ್ದಾರೆ, ಹೋದ ಸುಗ್ಗಿಯಲ್ಲಿ ಮೂಡಲಗಿಯಲ್ಲಿ ಕೊಂಡಿ ಸೀಳಿದೆಯೆಂದು ತಾನೇ ಕೂಗಿ ಎಲ್ಲರನ್ನೂ ಓಡಿಸಿದ್ದ, ಹತ್ತಿರ ಹೋಗಿ ನೋಡಿದರೆ ಅಂಟಿಕೊಂಡ ಒಂದು ಕೂದಲು, ಅದು ನನ್ನ ಮೀಸಿದು, ಕೊಡ್ರಿ ಅಂತ ಲಗಮಪ್ಪ ಊರೆಲ್ಲ ನಗಿಸಿದ್ದ. ಮೇಲಕ್ಕೆ ಎಳೆದು ನೋಡಿದ, ಸರಪಳಿ ಕೈಗೆ ಬಂತು, ಎಂಜಿನ್ನು ಏರಲಿಲ್ಲ. ಲಗಮಪ್ಪಾ, ಬಾಜೂಕ ಸರಿ. ಯಾಕೋ ಮಾಸ್ತರ, ಮತ್ತ ಕೂದಲಾ — ಕೆಳಗಿನಿಂದ ಲಗಮಪ್ಪನ ಅಣಕ. ನಗಾಕ ಆಮ್ಯಾಲ ನಗು, ಮೊದಲ ಮೆಟ್ಟಲಾ ಹತ್ತು. ಹತ್ತಿದೆ ತಗೋಪಾ, ನಿನ್ನ ಸಮಾಧಾನಕ್ಕ — ನಗುತ್ತಲೇ ಜಿಗಿದ, ಅಷ್ಟರಲ್ಲಿ ಸರಪಳಿ ಸರ್ರನೆ ಜಾರಿ ಓಡಿತು, ಅಂಗೈಗೆ ಬೆಂಕಿ, ಕಲ್ಲಿನ ಮೇಲೆ ಕಬ್ಬಿಣ ಬಿದ್ದ ಸದ್ದು ಬಾವಿಯ ತುಂಬ, ಸಾವಕಾರರು ಏನೋ ಅಂದರು, ಮೆಟ್ಟಿಲ ಮೇಲೆ ಲಗಮಪ್ಪ ಗೋಡೆಗೆ ಒರಗಿ ತನ್ನ ಬರಿದಾದ ತಲೆಯನ್ನು ತಡವಿಕೊಳ್ಳುತ್ತಿದ್ದಾನೆ, ಇದ್ದಾನೆ, ನಿಂತಿದ್ದಾನೆ, ರಾಚಪ್ಪ ಎಂದು ಕರೆಯುತ್ತಿದ್ದಾನೆ, ಓಗೊಡಬೇಕು, ಆದರೆ ಕಣ್ಣು ಅತ್ತ ಹೊರಳುತ್ತಿಲ್ಲ — ಕಲ್ಲಿನ ಮೇಲೆ ಕಬ್ಬಿಣ, ಕಬ್ಬಿಣದ ಅಡಿಗೆ ಕೆಂಪು ರುಮಾಲು, ಚಪ್ಪಟೆಯಾದ ರುಮಾಲು, ಅದರೊಳಗೆ ತಲೆಯಿಲ್ಲ, ತಲೆಯಿಲ್ಲ, ಕೆಂಪು ರುಮಾಲು